ಕಡಲಿಗೆ ಮಗ್ಗುಲಾದ ಮನೆಗಳು

ಸ್ಕಾಟ್ಲೆಂಡಿನ ಈಶಾನ್ಯ ಕರಾವಳಿಯ ಮೀನುಗಾರರ ಹಳ್ಳಿಯೊಂದಕ್ಕೆ ಪರವೂರಿನವನೊಬ್ಬ ಸ್ಯಾಂಡಿ ವೈಟ್ ಎಂಬಾತನನ್ನು ಹುಡುಕಿಕೊಂಡು ಬಂದ. ದಾರಿಯಲ್ಲಿ ಸಿಕ್ಕ ಹುಡುಗಿಯನ್ನು ಅವನ ಮನೆ ಎಲ್ಲಿ ಎಂದು ವಿಚಾರಿಸಿದ. ಯಾವ ಸ್ಯಾಂಡಿ ವೈಟ್ ಎಂದು ಅವಳು ತಿರುಗಿ ಕೇಳಿದಳು. ದೊಡ್ಡ ಆಳು ಎಂದ. ಯಾವ ದೊಡ್ಡ ಸ್ಯಾಂಡಿ ವೈಟ್ ಎಂದಳು. ಎತ್ತರದ, ದೊಡ್ಡ ಆಳು ಎಂದ. ಅಂಥವರೂ ಊರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಇದ್ದರು. ಕೊನೆಗೆ ಅವನಿಗೆ ಮೆಳ್ಳೆಗಣ್ಣು ಎಂದು ಹೇಳಿದಾಗ ಹುಡುಗಿಗೆ ಗುರುತು ಹತ್ತಿತು. ಹಾಗಾದರೆ ನೀವು ಹುಡುಕುತ್ತಿರುವುದು ‘ಮುಗಿಲುನೋಡ’ನನ್ನು, ಅವನ ಸರಿಯಾದ ಹೆಸರನ್ನು ಮೊದಲೇ ಹೇಳಬಾರದಿತ್ತೆ ಎಂದು ಅವಳು ಗದರಿದಳಂತೆ.

ಎಡಿನ್‌ಬರೋದ ಹೆಸರಾಂತ ‘ಬ್ಲ್ಯಾಕ್‌ವುಡ್ಸ್’ ಮಾಸಪತ್ರಿಕೆ 1842ರಲ್ಲಿ ಪ್ರಕಟಿಸಿದ ಈ ಪ್ರಸಂಗ ಮೇಲುನೋಟಕ್ಕೆ ಬರಿಯ ನಗೆಹನಿ. ಆದರೆ ಅದೇ ಲೇಖನ ಬಕಿ ಎಂಬ ಮೀನುಗಾರರ ಊರಿನಲ್ಲಿ ಜಾರ್ಜ್ ಕೌವಿ ಎಂಬ ಹೆಸರಿನವರು 25 ಜನರಿದ್ದರೆಂದೂ ಹೇಳುತ್ತದೆ. ಒಬ್ಬ ‘ಕ್ಯಾರೆಟ್’ ಜಾರ್ಜ್, ಇನ್ನೊಬ್ಬ ‘ಟರ್ನಿಪ್ ಗಡ್ಡೆ’ ಜಾರ್ಜ್. ಪಾದ್ರಿ ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರು ಚರ್ಚಿನ ಪುಸ್ತಕಕ್ಕೆ, ಊರು ಇಟ್ಟ ಹೆಸರು ಬದುಕಿಗೆ. ಈ ಅಡ್ಡಹೆಸರನ್ನು ಅಲ್ಲಿನವರು ‘ಟೀ-ನೇಮ್’ ಎನ್ನುತ್ತಾರೆ. ಅದು ಅಪ್ಪನಿಂದ ಮಗನಿಗೆ ಆಸ್ತಿಯಂತೆ ಇಳಿದು ಬರುತ್ತಿತ್ತು. ಅಂಗಡಿಯ ಲೆಕ್ಕದಲ್ಲಿಯೂ ಮತದಾರರ ಪಟ್ಟಿಯಲ್ಲಿಯೂ ಅದನ್ನು ಸೇರಿಸದೆ ಗತ್ಯಂತರವಿರಲಿಲ್ಲ.

ಇಂಥ ಊರುಗಳ ನೆನಪುಗಳು ಈಗ ಪುಸ್ತಕಗಳಲ್ಲಿ, ಧ್ವನಿಮುದ್ರಿಕೆಗಳಲ್ಲಿ, ವಸ್ತುಸಂಗ್ರಹಾಲಯಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಎಲ್ಲರೂ ಎಲ್ಲರನ್ನೂ ಬಲ್ಲ, ಬಾಗಿಲಿಗೆ ಬೀಗ ಹಾಕದ, ಕಷ್ಟಕ್ಕೆ ಒಬ್ಬರಿಗೊಬ್ಬರು ಆಗುತ್ತಿದ್ದ ಕಾಲ ಎಂದು ಹಿರಿಯರು ಅದನ್ನು ಬಣ್ಣಿಸುತ್ತಾರೆ. ಅದು ಸುಳ್ಳಲ್ಲ. ಆದರೆ ಆ ಒಗ್ಗಟ್ಟು ಎಲ್ಲಿಂದ ಬಂತು, ಅದಕ್ಕೆ ಯಾರು ಏನು ಬೆಲೆ ತೆತ್ತರು ಎಂಬುದನ್ನೂ ಕೇಳದಿದ್ದರೆ ನೆನಪು ಅರ್ಧವೇ ಆಗುತ್ತದೆ.

ಬಂಡೆಯ ಬುಡದಲ್ಲಿ ಒಂದು ಊರು

ಅಬರ್ಡೀನ್ ನಗರದಿಂದ ಉತ್ತರಕ್ಕೆ ಹೋಗಿ, ಕರಾವಳಿ ಪಶ್ಚಿಮಕ್ಕೆ ಹೊರಳುವಲ್ಲಿ ತಿರುಗಿದರೆ ಮರೇ ಫರ್ತ್ ಎಂಬ ವಿಶಾಲವಾದ ಕೊಲ್ಲಿ ಎದುರಾಗುತ್ತದೆ. ಅದರ ದಕ್ಷಿಣ ದಡದುದ್ದಕ್ಕೂ ಮಣಿ ಪೋಣಿಸಿದಂತೆ ಮೀನುಗಾರರ ಊರುಗಳಿವೆ. ಅವುಗಳಲ್ಲಿ ಒಂದು ಕ್ರೋವಿ. ಕಾಗದದ ಮೇಲೆ ಕ್ರೋವಿ, ಊರವರ ಬಾಯಲ್ಲಿ ‘ಕ್ರಿವಿ’. ಪಕ್ಕದ ಗಾರ್ಡನ್ಸ್‌ಟೌನ್ ಕೂಡ ಹಾಗೆಯೇ. 1720ರಲ್ಲಿ ಅಲೆಗ್ಸಾಂಡರ್ ಗಾರ್ಡನ್ ಎಂಬ ಜಮೀನುದಾರ ತನ್ನ ಹೆಸರನ್ನಿಟ್ಟು ಕಟ್ಟಿಸಿದರೂ ಸುತ್ತಿನವರು ಅದನ್ನು ಕರೆಯುವುದು ‘ಗ್ಯಾಮ್ರಿ’ ಎಂದೇ.

ಕ್ರೋವಿಯ ಹಿಂದೆ ಕಡಿದಾದ ಗುಡ್ಡ, ಮುಂದೆ ಕಡಲು. ನಡುವೆ ಉಳಿದ ಇಕ್ಕಟ್ಟಿನ ಪಟ್ಟಿಯಲ್ಲಿ ಒಂದೇ ಸಾಲಿನಲ್ಲಿ ಮನೆಗಳು. ಹೆಚ್ಚಿನ ಮನೆಗಳು ಕಡಲಿಗೆ ಮುಖ ಮಾಡಿಲ್ಲ, ಮಗ್ಗುಲು ಮಾಡಿವೆ. ಗಾಳಿ ಮಳೆಗೆ ಅಗಲವಾದ ಮುಂಗೋಡೆಯ ಬದಲು ಕಿರಿದಾದ ಪಕ್ಕದ ಗೋಡೆಯನ್ನು ಒಡ್ಡುವ ಉಪಾಯ ಇದು. ಮನೆಗಳಿಗೂ ನೀರಿಗೂ ನಡುವೆ ಇರುವುದು ಕಾಲುದಾರಿ ಮಾತ್ರ. ಅಲ್ಲಿ ವಾಹನ ಹೋಗುವುದಿಲ್ಲ. ಇಂದಿಗೂ ಸಾಮಾನುಗಳನ್ನು ಒಂಟಿಗಾಲಿಯ ತಳ್ಳುಗಾಡಿಯಲ್ಲಿ ಸಾಗಿಸುತ್ತಾರೆ.

ಇಂಥ ಜಾಗದಲ್ಲಿ ಜನ ಇಷ್ಟಪಟ್ಟು ನೆಲೆಸಿದರೆಂದು ತಿಳಿಯಬಾರದು. ಹದಿನೆಂಟನೆಯ ಶತಮಾನದ ಉತ್ತರಾರ್ಧದಿಂದ ಸ್ಕಾಟ್ಲೆಂಡಿನ ಅನೇಕ ಜಮೀನುದಾರರು ಕುರಿ ಸಾಕಣೆ ಹೆಚ್ಚು ಲಾಭವೆಂದು ಕಂಡು ಗೇಣಿದಾರರನ್ನು ಎಬ್ಬಿಸಿದರು. ಎದ್ದವರಲ್ಲಿ ಕೆಲವರು ಸಮುದ್ರ ದಾಟಿ ಕೆನಡಾ, ಅಮೆರಿಕಗಳಿಗೆ ಹೋದರು. ಕೆಲವರು ಕಡಲ ಅಂಚಿಗೆ ಬಂದರು. ಕ್ರೋವಿಯೂ ಹಾಗೆ ಒಳನಾಡಿನಿಂದ ಬಂದವರ ಊರು ಎನ್ನುತ್ತಾರೆ. ಉಳಲು ನೆಲವಿಲ್ಲದವರಿಗೆ ಉಳಿದದ್ದು ನೀರು.

ದೋಣಿಯ ಅರ್ಧ ಕೆಲಸ ದಡದಲ್ಲಿ

ಒಂದು ಊರಿನಲ್ಲಿ ಎರಡು ಮೂರೇ ಮನೆತನದ ಹೆಸರುಗಳು ಉಳಿಯಲು ಕಾರಣವೇನು? ಉತ್ತರ ಸರಳ. ಮೀನುಗಾರ ಮೀನುಗಾರರ ಮನೆಯಿಂದಲೇ ಹೆಣ್ಣು ತರುತ್ತಿದ್ದ. ಎರಡು ಮೈಲಿ ಆಚೆಯ ರೈತನ ಮಗಳು ಅವನಿಗೆ ಪರದೇಶದವಳಿದ್ದಂತೆ. ರೈತರಿಗೂ ಮೀನುಗಾರರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ತಾತ್ಸಾರ ಇದ್ದದ್ದು ನಿಜ. ಆದರೆ ಅದಕ್ಕಿಂತ ದೊಡ್ಡ ಕಾರಣ ಕೆಲಸದ್ದು.

ಹತ್ತೊಂಬತ್ತನೆಯ ಶತಮಾನದಲ್ಲಿ ದಡದ ಹತ್ತಿರದ ಮೀನುಗಾರಿಕೆ ಗಾಳದಿಂದ ನಡೆಯುತ್ತಿತ್ತು. ಒಬ್ಬೊಬ್ಬನ ಉದ್ದನೆಯ ಹುರಿಗೆ ಸಾವಿರಕ್ಕೂ ಮಿಕ್ಕಿ ಕೊಕ್ಕೆಗಳು. ಪ್ರತಿ ಕೊಕ್ಕೆಗೂ ಕಪ್ಪು ಚಿಪ್ಪಿನ ಮಸೆಲ್ ಜೀವಿಯ ಮಾಂಸವನ್ನು ಎರೆಯಾಗಿ ಸಿಕ್ಕಿಸಬೇಕು. ಬಂಡೆಗಳಿಂದ ಮಸೆಲ್ ಕಿತ್ತು ತರುವುದು, ಚಿಪ್ಪು ಬಿಡಿಸುವುದು, ಎರೆ ಕಟ್ಟುವುದು, ಒಂದು ಕೊಕ್ಕೆ ಇನ್ನೊಂದಕ್ಕೆ ತೊಡಕದಂತೆ ಹುರಿಯನ್ನು ಬುಟ್ಟಿಯಲ್ಲಿ ಸುರುಳಿ ಸುತ್ತುವುದು, ಇದೆಲ್ಲ ಹೆಂಗಸರು ಮಕ್ಕಳ ಕೆಲಸ. ಅದೂ ದೋಣಿ ಹೊರಡುವ ಪ್ರತಿ ದಿನ. ಬಂದರು ಇಲ್ಲದ ಊರುಗಳಲ್ಲಿ ಗಂಡಸರ ಕಾಲು ಒದ್ದೆಯಾಗಬಾರದೆಂದು ಹೆಂಗಸರು ಲಂಗ ಎತ್ತಿ ಕಟ್ಟಿ, ನೀರಿಗಿಳಿದು, ಗಂಡಂದಿರನ್ನು ಬೆನ್ನ ಮೇಲೆ ಹೊತ್ತು ದೋಣಿಗೆ ಮುಟ್ಟಿಸುತ್ತಿದ್ದರು. ಈಗ ಅದು ತಮಾಷೆಯಾಗಿ ಕಾಣುತ್ತದೆ. ಆದರೆ ಮೇಲುಹಾಸು ಇಲ್ಲದ ತೆರೆದ ದೋಣಿಯಲ್ಲಿ ಉತ್ತರ ಸಮುದ್ರದ ಚಳಿಯಲ್ಲಿ ಇಡೀ ದಿನ ಒದ್ದೆ ಬಟ್ಟೆಯಲ್ಲಿ ಕೂರುವವನ ಗತಿಯನ್ನು ನೆನೆದರೆ ಅದು ವ್ಯವಹಾರಜ್ಞಾನ ಎಂದು ತಿಳಿಯುತ್ತದೆ.

ದೋಣಿ ಬಂದ ಮೇಲೆ ಮೀನಿನ ಬುಟ್ಟಿಯನ್ನು ಬೆನ್ನಿಗೇರಿಸಿ ಮೈಲಿಗಟ್ಟಲೆ ನಡೆದು, ರೈತರ ಮನೆಗಳಲ್ಲಿ ಓಟ್ಸ್ ಹಿಟ್ಟು, ಮೊಟ್ಟೆ, ಬೆಣ್ಣೆಗೆ ಬದಲಾಯಿಸಿಕೊಂಡು ಬರುವವರೂ ಹೆಂಗಸರೇ. ಹಣದ ಚೀಲ ಸಾಮಾನ್ಯವಾಗಿ ಅವರ ಕೈಯಲ್ಲಿರುತ್ತಿತ್ತು. ಎಳವೆಯಿಂದ ಈ ಕೆಲಸದಲ್ಲಿ ಪಳಗದವಳು ಮೀನುಗಾರನ ಹೆಂಡತಿಯಾಗಿ ನಿಭಾಯಿಸುವುದು ಕಷ್ಟವಿತ್ತು. ಹೀಗಾಗಿ ಮದುವೆ ಅದೇ ಊರಿನಲ್ಲಿ, ತಪ್ಪಿದರೆ ಪಕ್ಕದ ಮೀನುಗಾರರ ಊರಿನಲ್ಲಿ. ನಾಲ್ಕಾರು ತಲೆಮಾರು ಕಳೆಯುವಷ್ಟರಲ್ಲಿ ಊರೆಲ್ಲ ನೆಂಟರು, ಊರೆಲ್ಲ ಒಂದೇ ಹೆಸರು.

ದೋಣಿಯಲ್ಲಿಯೂ ಹಾಗೆಯೇ. ಅಲ್ಲಿ ಸಂಬಳ ಎಂಬುದಿರಲಿಲ್ಲ, ಪಾಲು ಇತ್ತು. ಬಂದ ಆದಾಯದಲ್ಲಿ ದೋಣಿಗಿಷ್ಟು, ಬಲೆಗಿಷ್ಟು, ದುಡಿದ ಆಳಿಗಿಷ್ಟು ಎಂದು ಹಂಚಿಕೊಳ್ಳುತ್ತಿದ್ದರು. ಅಪ್ಪ, ಮಕ್ಕಳು, ಅಣ್ಣತಮ್ಮಂದಿರು, ಭಾವಮೈದುನರು ಒಂದೇ ದೋಣಿಯಲ್ಲಿ. ನಂಬಿಕೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಆಪತ್ತಿಗೂ ಇದಕ್ಕಿಂತ ಹತ್ತಿರದ ದಾರಿಯಿಲ್ಲ. ಒಂದು ದೋಣಿ ಮುಳುಗಿದರೆ ಒಂದು ಮನೆಯ ಗಂಡಸರೆಲ್ಲ ಹೋದಂತೆ.

ದಡದಿಂದ ಕಂಡ ಸಾವು

1848ರ ಆಗಸ್ಟ್ 18ರ ಸಂಜೆ ಈ ಕರಾವಳಿಯಿಂದ ನೂರಾರು ದೋಣಿಗಳು ಹೆರಿಂಗ್ ಮೀನಿಗಾಗಿ ಹೊರಟವು. ನಡುರಾತ್ರಿ ಕಳೆದ ಮೇಲೆ ಬಿರುಗಾಳಿ ಎದ್ದಿತು. ಬೆಳಗಾಗುವಷ್ಟರಲ್ಲಿ 124 ದೋಣಿಗಳು ನಾಶವಾಗಿ, ನೂರು ಮಂದಿ ಸತ್ತಿದ್ದರು. ವಿಕ್ ಬಂದರಿನಲ್ಲಿ ಇಳಿತದ ಹೊತ್ತು ನೀರು ಸಾಲದೆ ದೋಣಿಗಳು ಒಳಗೆ ಬರಲಾಗದೆ ಬಾಗಿಲಲ್ಲೇ ಒಡೆದವು. ಸರಕಾರ ಕ್ಯಾಪ್ಟನ್ ಜಾನ್ ವಾಷಿಂಗ್ಟನ್ ಎಂಬ ನೌಕಾಧಿಕಾರಿಯಿಂದ ತನಿಖೆ ಮಾಡಿಸಿತು. ದೋಣಿಗಳಿಗೆ ಮೇಲುಹಾಸು ಬೇಕು, ಎಲ್ಲ ಹೊತ್ತಿನಲ್ಲೂ ಒಳಬರಬಹುದಾದ ಆಳದ ಬಂದರುಗಳು ಬೇಕು ಎಂದು ಆತ ವರದಿ ಕೊಟ್ಟ. ಎರಡೂ ಆಗಲು ದಶಕಗಳೇ ಬೇಕಾದವು.

ಸ್ಕಾಟ್ಲೆಂಡಿನ ಮೀನುಗಾರರ ಚರಿತ್ರೆಯಲ್ಲಿ ಅತಿ ದೊಡ್ಡ ದುರಂತ ನಡೆದದ್ದು ದಕ್ಷಿಣದ ತುದಿಯಲ್ಲಿ, ಇಂಗ್ಲೆಂಡಿನ ಗಡಿಗೆ ಹತ್ತಿರದ ಐಮೌತ್ ಪಟ್ಟಣದ ಸುತ್ತ. 1881ರ ಅಕ್ಟೋಬರ್ 14, ಶುಕ್ರವಾರ. ಹಿಂದಿನ ದಿನಗಳಲ್ಲಿ ಹವಾಮಾನ ಕೆಟ್ಟು ದೋಣಿಗಳು ಕಡಲಿಗಿಳಿದಿರಲಿಲ್ಲ, ಮನೆಗಳಲ್ಲಿ ದುಡ್ಡಿರಲಿಲ್ಲ. ಅಂದು ಬೆಳಗ್ಗೆ ಬಿಸಿಲು, ಶಾಂತ ಕಡಲು. ಬಂದರಿನ ವಾಯುಭಾರಮಾಪಕ ಮಾತ್ರ ತೀರ ಕೆಳಗಿಳಿದಿತ್ತು. ಅದನ್ನು ನೋಡಿಯೂ ಅವರು ಹೊರಟರು. ಮಧ್ಯಾಹ್ನದ ಹೊತ್ತಿಗೆ ಕತ್ತಲು ಕವಿದು ಬಿರುಗಾಳಿ ಹೊಡೆಯಿತು. ಮರಳಿ ಬಂದ ದೋಣಿಗಳಲ್ಲಿ ಕೆಲವು ಬಂದರಿನ ಬಾಯಲ್ಲಿರುವ ಹರ್ಕರ್ ಬಂಡೆಗಳಿಗೆ ಅಪ್ಪಳಿಸಿದವು. ದಡದಲ್ಲಿ ನಿಂತ ಹೆಂಡತಿ, ತಾಯಿ, ಮಕ್ಕಳು ತಮ್ಮವರ ಮುಖ ಗುರುತಿಸುವಷ್ಟು ಹತ್ತಿರದಲ್ಲಿದ್ದರು. ಒಟ್ಟು 189 ಮಂದಿ ಸತ್ತರು. ಅವರಲ್ಲಿ 129 ಮಂದಿ ಐಮೌತ್ ಒಂದರವರು. ನೂರು ವರ್ಷದ ಬಳಿಕ, 1981ರಲ್ಲಿ, ಅದೇ ಊರಿನ ಹೆಂಗಸರು ಆ ದಿನದ ನೆನಪಿಗೆ ದೊಡ್ಡ ಕಸೂತಿ ಪಟವೊಂದನ್ನು ಹೊಲಿದರು. ಈಗ ಕಡಲ ದಂಡೆಯಲ್ಲಿ ಕಂಚಿನ ಪುಟ್ಟ ಪ್ರತಿಮೆಗಳೂ ಇವೆ. ಅವು ಮುಳುಗಿದವರದಲ್ಲ, ದಡದಲ್ಲಿ ನಿಂತು ನೋಡಿದ ಹೆಂಗಸರು ಮಕ್ಕಳದು.

ಇಂಥ ಕಡಲಿನೊಡನೆ ಬಾಳುವವರಲ್ಲಿ ನಂಬಿಕೆಗಳು ಹುಟ್ಟುವುದು ಸಹಜ. ದೋಣಿಯಲ್ಲಿ ಹಂದಿ, ಮೊಲ, ಸಾಲ್ಮನ್ ಮೀನು, ಪಾದ್ರಿ ಈ ಮಾತುಗಳನ್ನು ಆಡುವಂತಿರಲಿಲ್ಲ. ಸಾಲ್ಮನ್ ‘ಕೆಂಪು ಮೀನು’ ಆಗುತ್ತಿತ್ತು, ಪಾದ್ರಿ ‘ಕಪ್ಪಂಗಿಯವನು’. ಯಾರಾದರೂ ಬಾಯಿತಪ್ಪಿ ಹೇಳಿದರೆ ಎಲ್ಲರೂ ಕೂಡಲೇ ಕಬ್ಬಿಣವನ್ನು ಮುಟ್ಟಬೇಕು. ನಗುವ ಮೊದಲು, ವಾಯುಭಾರಮಾಪಕಕ್ಕೂ ಖಾಲಿ ಅಡುಗೆಮನೆಗೂ ನಡುವೆ ಆರಿಸಬೇಕಾದವರ ಅಂಜಿಕೆ ಇದು ಎಂಬುದನ್ನು ನೆನಪಿಡಬೇಕು.

ರೈಲು ಹತ್ತಿದ ಹುಡುಗಿಯರು

ಹೀಗೆಂದ ಮಾತ್ರಕ್ಕೆ ಈ ಊರುಗಳು ಬಾವಿಯ ಕಪ್ಪೆಗಳಾಗಿದ್ದವೆಂದು ಭಾವಿಸಬೇಕಿಲ್ಲ. ಅವುಗಳನ್ನು ಲೋಕಕ್ಕೆ ಜೋಡಿಸಿದ್ದು ಹೆರಿಂಗ್. ಇದು ನಮ್ಮ ಕರಾವಳಿಯ ಬೂತಾಯಿಯ ಕುಟುಂಬಕ್ಕೆ ಸೇರಿದ, ಅದಕ್ಕಿಂತ ತುಸು ದೊಡ್ಡದಾದ ಬೆಳ್ಳಿಬಣ್ಣದ ಮೀನು. ಎಣ್ಣೆಯಂಶ ಹೆಚ್ಚು, ಬೇಗ ಕೆಡುತ್ತದೆ. ಹಿಡಿದೊಡನೆ ಕರುಳು ತೆಗೆದು ಉಪ್ಪು ಹಾಕಿ ಪೀಪಾಯಿಯಲ್ಲಿ ಒತ್ತಿ ತುಂಬಬೇಕು. 1907ರಲ್ಲಿ ಹೀಗೆ ಉಪ್ಪು ಹಾಕಿದ 25 ಲಕ್ಷ ಪೀಪಾಯಿ ಹೆರಿಂಗ್ ಹೊರದೇಶಗಳಿಗೆ, ಮುಖ್ಯವಾಗಿ ಜರ್ಮನಿ, ಪೂರ್ವ ಯುರೋಪು ಮತ್ತು ರಷ್ಯಗಳಿಗೆ ಹೋಯಿತು.

ಈ ಕೆಲಸ ಮಾಡುತ್ತಿದ್ದವರು ‘ಹೆರಿಂಗ್ ಹುಡುಗಿಯರು’. ಮೂವರದೊಂದು ಗುಂಪು; ಇಬ್ಬರು ಕರುಳು ತೆಗೆಯುವವರು, ಒಬ್ಬಳು ಪೀಪಾಯಿಗೆ ಅಡಕುವವಳು. ಪಳಗಿದ ಕೈ ನಿಮಿಷಕ್ಕೆ ಐವತ್ತು ಅರುವತ್ತು ಮೀನು ಸೀಳುತ್ತಿತ್ತು. ಚೂರಿಯಿಂದ ಬೆರಳು ಉಳಿಸಿಕೊಳ್ಳಲು ಬಟ್ಟೆಯ ಚಿಂದಿ ಸುತ್ತಿಕೊಳ್ಳುತ್ತಿದ್ದರು. ಗಾಯಕ್ಕೆ ಉಪ್ಪು ತಾಗಿದರೂ ಕೆಲಸ ನಿಲ್ಲಿಸುವಂತಿಲ್ಲ. ಮೀನಿನ ಗುಂಪು ಉತ್ತರದ ಷೆಟ್‌ಲ್ಯಾಂಡ್ ದ್ವೀಪಗಳಿಂದ ತೆಂಕಣದ ಇಂಗ್ಲಿಷ್ ಬಂದರು ಯಾರ್ಮೌತ್‌ವರೆಗೆ ಸಿಗುತ್ತ ಹೋದಂತೆ ದೋಣಿಗಳು ನೀರಿನಲ್ಲಿ, ಹುಡುಗಿಯರು ರೈಲಿನಲ್ಲಿ ಹಿಂಬಾಲಿಸುತ್ತಿದ್ದರು. ಪೆಟ್ಟಿಗೆಯಲ್ಲಿ ಬಟ್ಟೆಬರೆ, ಕೈಯಲ್ಲಿ ಹೆಣಿಗೆಯ ಕಡ್ಡಿ. 1936ರಲ್ಲಿ ಯಾರ್ಮೌತ್‌ನಲ್ಲಿ ಇವರೇ ಪೀಪಾಯಿಗೆ ಹೆಚ್ಚಿನ ಕೂಲಿ ಕೇಳಿ ಮುಷ್ಕರ ಹೂಡಿದರು. ಇಷ್ಟೆಲ್ಲ ಆಗಿಯೂ ಇವರ ನೆನಪುಗಳಲ್ಲಿ ನೋವಿಗಿಂತ ನಗು ಹೆಚ್ಚು. ಮನೆಯ ಕಣ್ಣುಗಳಿಂದ ದೂರವಾಗಿ, ಸ್ವಂತ ದುಡಿಮೆಯ ದುಡ್ಡು ಹಿಡಿದು ಪರವೂರಿನ ಅಂಗಡಿ ಬೀದಿಯಲ್ಲಿ ನಡೆದ ಆ ವಾರಗಳನ್ನು ಎಷ್ಟೋ ಮಂದಿ ಬದುಕಿನ ಒಳ್ಳೆಯ ದಿನಗಳೆಂದೇ ಹೇಳಿದ್ದಾರೆ. ಒಗ್ಗಟ್ಟಿನ ಊರಿನಿಂದ ಹೊರಗೆ ಹೋಗುವುದೂ ಒಂದು ಸುಖವಾಗಿತ್ತು ಎಂಬುದನ್ನು ಈ ಮಾತು ಸೂಚಿಸುತ್ತದೆ.

ಒಬ್ಬ ಹೆಂಗಸಿನ ಸಾಕ್ಷಿ

ಆ ಒಗ್ಗಟ್ಟಿನ ಇನ್ನೊಂದು ಮುಖವನ್ನು ಕಾಣಬೇಕಾದರೆ ಕ್ರಿಶ್ಚಿಯನ್ ವಾಟ್ ಎಂಬಾಕೆಯ ಆತ್ಮಕಥೆಯನ್ನು ನೆನೆಯಬೇಕು. ಕ್ರಿಶ್ಚಿಯನ್ ಎಂಬುದು ಇಲ್ಲಿ ಹೆಣ್ಣಿನ ಹೆಸರು. ಈಕೆ ಹುಟ್ಟಿದ್ದು 1833ರಲ್ಲಿ, ಫ್ರೇಸರ್‌ಬರೋದ ಪಕ್ಕದ ಬ್ರಾಡ್‌ಸೀ ಎಂಬ ಮೀನುಗಾರರ ಕೇರಿಯಲ್ಲಿ. ಬುಟ್ಟಿ ಹೊತ್ತು ಮೀನು ಮಾರಿದಳು, ಹೆರಿಂಗ್ ಸೀಳಿದಳು, ಶ್ರೀಮಂತರ ಮನೆಯಲ್ಲಿ ಕೆಲಸಕ್ಕಿದ್ದಳು. ಅವರ ಮುಂದೆ ತಲೆ ತಗ್ಗಿಸಲಿಲ್ಲ. ಕಡಲು ಅವಳ ಸೋದರರನ್ನು ಕೊಂಡೊಯ್ದಿತು, ಮಗನನ್ನು ಕೊಂಡೊಯ್ದಿತು, 1877ರಲ್ಲಿ ಗಂಡನನ್ನೂ ಕೊಂಡೊಯ್ದಿತು. ಮಕ್ಕಳನ್ನು ಸಾಕುವ ಭಾರದಲ್ಲಿ ಅವಳ ಮನಸ್ಸು ಕುಸಿಯಿತು. ಅಬರ್ಡೀನಿನ ಮಾನಸಿಕ ಆಸ್ಪತ್ರೆಗೆ ಸೇರಿಸಿದರು.

ಚೇತರಿಸಿಕೊಂಡು ಊರಿಗೆ ಮರಳಿ ಮತ್ತೆ ಬುಟ್ಟಿ ಹೊತ್ತಳು. ಆದರೆ ಹುಚ್ಚಾಸ್ಪತ್ರೆಯಿಂದ ಬಂದವಳ ಕೈಯ ಮೀನು ಜನಕ್ಕೆ ಬೇಡವಾಯಿತು. ಎಷ್ಟೋ ವರ್ಷ ಅವಳನ್ನು ಒಳಗೆ ಕರೆಯುತ್ತಿದ್ದ ಮನೆಗಳು ಬಾಗಿಲು ತೆರೆಯಲಿಲ್ಲ. ಎಲ್ಲರೂ ಎಲ್ಲರನ್ನೂ ಬಲ್ಲ ಸೀಮೆಯಲ್ಲಿ ಇಂಥ ಸಂಗತಿಯನ್ನು ಬಚ್ಚಿಡಲು ಎಡೆಯಿಲ್ಲ. ಅವಳು ಮತ್ತೆ ಆಸ್ಪತ್ರೆಗೆ ಹೋದಳು. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಅಲ್ಲಿಯೇ ಕಳೆದು 1923ರಲ್ಲಿ ತೀರಿಕೊಂಡಳು. ಅಲ್ಲಿ ಕುಳಿತು ಅವಳು ಬರೆದ ಹಾಳೆಗಳನ್ನು ಡೇವಿಡ್ ಫ್ರೇಸರ್ ಸಂಪಾದಿಸಿ 1983ರಲ್ಲಿ ಪುಸ್ತಕವಾಗಿ ತಂದರು. ತನ್ನ ಕೇರಿಯ ಬದುಕನ್ನು ಅದರಲ್ಲಿ ಅವಳು ಅಕ್ಕರೆಯಿಂದಲೇ ಬರೆದಿದ್ದಾಳೆ. ತನಗಾದದ್ದನ್ನು ಮರೆಮಾಚಿಯೂ ಇಲ್ಲ.

ಧರ್ಮಶ್ರದ್ಧೆಯ ವಿಚಾರದಲ್ಲಿಯೂ ಇದೇ ಮಾತು ಸಲ್ಲುತ್ತದೆ. 1859ರ ನಂತರ, ಮತ್ತೆ 1921ರಲ್ಲಿ, ಭಕ್ತಿಯ ದೊಡ್ಡ ಅಲೆಗಳು ಈ ಕರಾವಳಿಯಲ್ಲಿ ಹಾದುಹೋದವು. ಎರಡನ್ನೂ ಮುನ್ನಡೆಸಿದವರಲ್ಲಿ ಪೀಪಾಯಿ ಮಾಡುವ ಕಸುಬುದಾರರಿದ್ದರು. 1921ರ ಅಲೆ ಎದ್ದದ್ದು ಹೆರಿಂಗ್ ಮಾರುಕಟ್ಟೆ ಕುಸಿದು ದೋಣಿಗಳು ಸಾಲದಲ್ಲಿ ಮರಳುತ್ತಿದ್ದ ಕಾಲದಲ್ಲಿ. ಕುಡಿತ ಕಡಿಮೆಯಾಯಿತು, ಭಾನುವಾರ ಬಲೆ ಮುಟ್ಟುವವರಿಲ್ಲವಾಯಿತು. ಅದರೊಡನೆ ನೆರೆಯವನ ನಡತೆಯನ್ನು ಅಳೆಯುವ ಕಣ್ಣೂ ಹರಿತವಾಯಿತು. ಗ್ಯಾಮ್ರಿಯಲ್ಲಿ ನೆಲೆಸಿ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಜೋಸೆಫ್ ವೆಬ್‌ಸ್ಟರ್ ತನ್ನ 2013ರ ಪುಸ್ತಕದಲ್ಲಿ ಹೇಳುವಂತೆ, ಸುಮಾರು 700 ಜನರ ಆ ಊರಿನಲ್ಲಿ ಆರು ಚರ್ಚುಗಳಿದ್ದವು. ಒಗ್ಗಟ್ಟಿನ ಊರು ಒಳಗೇ ಎಷ್ಟು ಸಲ ಒಡೆದಿತ್ತು ಎಂಬುದಕ್ಕೆ ಈ ಲೆಕ್ಕವೇ ಸಾಕ್ಷಿ.

ನೆನಪು ಹೆಣೆದ ಸ್ವೆಟರ್

ನೆನಪು ಹೇಗೆ ಕೆಲಸ ಮಾಡುತ್ತದೆ ಎನ್ನುವುದಕ್ಕೆ ಒಂದು ಉದಾಹರಣೆ ಇಲ್ಲಿನ ಮೀನುಗಾರರ ನೀಲಿ ಉಣ್ಣೆಯ ಸ್ವೆಟರ್. ಒಂದೊಂದು ಊರಿಗೆ ಒಂದೊಂದು ಹೆಣಿಗೆಯ ವಿನ್ಯಾಸವಿತ್ತು, ಹೆಣ ದಡಕ್ಕೆ ಬಂದಾಗ ಯಾವ ಊರಿನವನೆಂದು ಗುರುತಿಸಲು ಹಾಗೆ ಹೆಣೆಯುತ್ತಿದ್ದರು ಎಂಬ ಮಾತನ್ನು ಪ್ರವಾಸಿಗರಿಗೆ ಈಗಲೂ ಹೇಳುತ್ತಾರೆ. ಆದರೆ ಹೆರಿಂಗ್ ಹುಡುಗಿಯರು ಊರೂರು ತಿರುಗುತ್ತ ಒಬ್ಬರ ವಿನ್ಯಾಸವನ್ನು ಇನ್ನೊಬ್ಬರು ಕಲಿಯುತ್ತಿದ್ದರು. ಅಷ್ಟು ಕಟ್ಟುನಿಟ್ಟಿನ ಗುರುತು ಉಳಿಯುವುದು ಸಾಧ್ಯವಿರಲಿಲ್ಲ. ಈ ಕಥೆ ಹಬ್ಬಲು ಐರಿಷ್ ನಾಟಕಕಾರ ಸಿಂಜ್‌ನ 1904ರ ‘ರೈಡರ್ಸ್ ಟು ದ ಸೀ’ ನಾಟಕವೂ ಕಾರಣವೆಂದು ತಿಳಿದವರು ಹೇಳುತ್ತಾರೆ. ಅದರಲ್ಲಿ ಮುಳುಗಿ ಸತ್ತವನನ್ನು ಅವನ ತಂಗಿ ಕಾಲುಚೀಲದಲ್ಲಿ ತಾನು ಬಿಟ್ಟ ಹೆಣಿಗೆಯಿಂದ ಗುರುತಿಸುತ್ತಾಳೆ. ನಾಟಕದ ಕಾಲುಚೀಲ ಜನರ ನೆನಪಿನಲ್ಲಿ ಸ್ವೆಟರ್ ಆಯಿತು. ಕಥೆ ನಿಜವಲ್ಲದಿದ್ದರೂ ಅದರ ಹಿಂದಿನ ಹೆದರಿಕೆ ನಿಜ.

ಊರು ಬರಿದಾದ ಬಗೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಾಯಿಯ ಜಾಗಕ್ಕೆ ಉಗಿಯಂತ್ರದ ದೋಣಿಗಳು ಬಂದವು. ಅವುಗಳಿಗೆ ಹೆಚ್ಚು ಬಂಡವಾಳ ಬೇಕು, ಕಲ್ಲಿದ್ದಲು ಬೇಕು, ಆಳದ ಬಂದರು ಬೇಕು. ಕ್ರೋವಿಯಂಥ ಊರಿನಲ್ಲಿ ಮೂರೂ ಇರಲಿಲ್ಲ. ದೋಣಿಗಳು ಫ್ರೇಸರ್‌ಬರೋ, ಪೀಟರ್‌ಹೆಡ್, ಬಕಿ ಬಂದರುಗಳಿಗೆ ಹೋದವು. ಮೊದಲ ಮಹಾಯುದ್ಧ ಮತ್ತು ರಷ್ಯದ ಕ್ರಾಂತಿ ಹೆರಿಂಗಿನ ದೊಡ್ಡ ಮಾರುಕಟ್ಟೆಗಳನ್ನು ಮುರಿದವು. ಮುಂದೆ ಮೀನೇ ಬರಿದಾಗಿ 1977ರಲ್ಲಿ ಉತ್ತರ ಸಮುದ್ರದ ಹೆರಿಂಗ್ ಹಿಡಿಯುವುದನ್ನು ಕೆಲವು ವರ್ಷ ನಿಷೇಧಿಸಬೇಕಾಯಿತು.

ಕ್ರೋವಿಗೆ ಕೊನೆಯ ಪೆಟ್ಟು ಕೊಟ್ಟದ್ದು 1953ರ ಜನವರಿ 31ರ ಬಿರುಗಾಳಿ. ನೆದರ್ಲೆಂಡ್ಸ್‌ನಲ್ಲಿ 1,800ಕ್ಕೂ ಹೆಚ್ಚು ಜನರನ್ನು ಕೊಂದ ಆ ಪ್ರವಾಹಕ್ಕೆ ಕಾರಣವಾದ ಗಾಳಿಯೇ ಇಲ್ಲಿ ಕಾಲುದಾರಿಯನ್ನೂ ಕೆಲವು ಮನೆಗಳನ್ನೂ ಕೊಚ್ಚಿಕೊಂಡು ಹೋಯಿತು. ಅನೇಕ ಕುಟುಂಬಗಳು ಹೊರಟುಹೋದವು, ಮರಳಲಿಲ್ಲ. ಬಿಟ್ಟುಹೋದ ಮನೆಗಳನ್ನು ಕಡಲ ನೋಟ ಬಯಸಿದ ಪಟ್ಟಣದವರು ಕೊಂಡರು. ಇಂದು ಅಲ್ಲಿನ ಹೆಚ್ಚಿನ ಮನೆಗಳು ರಜಾಕಾಲದ ಬಿಡಾರಗಳು. ವಿಚಿತ್ರವೆಂದರೆ, ಬಡತನದಿಂದ ಬದಲಾಗದೆ ಉಳಿದ ಊರೇ ಈಗ ನೋಡಲು ಚೆಂದವೆಂದು ಹೆಸರಾಗಿದೆ.

ಮನೆಗಳನ್ನು ಹಾಗೆಯೇ ಉಳಿಸಬಹುದು. ಎರೆ ಕಟ್ಟುವ ಕೈ, ಪಾಲಿನ ದೋಣಿ, ಬುಟ್ಟಿಯ ಭಾರಗಳಿಲ್ಲದೆ ಆ ಊರನ್ನು ಉಳಿಸಲಾಗದು. ಆ ಭಾರಗಳು ಮರಳಿ ಬರಲಿ ಎಂದು ಯಾರೂ ಬಯಸುವುದಿಲ್ಲ, ಬಯಸಬಾರದು ಕೂಡ. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ 1951ರಲ್ಲಿ ಆರಂಭವಾದ ಸ್ಕಾಟಿಷ್ ಅಧ್ಯಯನ ಕೇಂದ್ರ, 1969ರಲ್ಲಿ ಆನ್‌ಸ್ಟ್ರದರ್ ಊರಿನಲ್ಲಿ ತೆರೆದ ಮೀನುಗಾರಿಕೆಯ ವಸ್ತುಸಂಗ್ರಹಾಲಯ, ಇವು ಮಾಡಿದ ಒಳ್ಳೆಯ ಕೆಲಸವೆಂದರೆ ಭಾರವನ್ನೂ ಪ್ರೀತಿಯನ್ನೂ ಒಟ್ಟಿಗೇ ದಾಖಲಿಸಿಟ್ಟದ್ದು.

ಈಗ ಪರವೂರಿನವನೊಬ್ಬ ಕ್ರೋವಿಯ ಕಾಲುದಾರಿಯಲ್ಲಿ ನಿಂತು ಸ್ಯಾಂಡಿ ವೈಟನ ಮನೆ ಯಾವುದೆಂದು ಕೇಳಿದರೆ, ಯಾವ ಸ್ಯಾಂಡಿ ಎಂದು ಯಾರೂ ಮರುಪ್ರಶ್ನೆ ಹಾಕಲಾರರು. ತಳ್ಳುಗಾಡಿಯಲ್ಲಿ ತಮ್ಮ ಪೆಟ್ಟಿಗೆ ಇಟ್ಟುಕೊಂಡು ಬರುವ ಅವರೂ ಪರವೂರಿನವರೇ ಆಗಿರುವ ಸಂಭವ ಹೆಚ್ಚು.